ಸಿಂಗಪುರದಲ್ಲಿ ಸಿದ್ದಲಿಂಗಪ್ಪನಿಗೊಂದು ಎಡೆ

ಕ್ಯಾತ್ಸಂದ್ರ

ಸಿಂಗಪುರಕ್ಕೆ ಹೋಗಿಬಂದವರೆಲ್ಲ ಅಲ್ಲಿನ ರಸ್ತೆಯ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದು ಎನ್ನುತ್ತಾರೆ. ನಾನೂ ನೋಡಿಬಂದೆ. ಉಣ್ಣಬಹುದು, ದಂಡ ಹಾಕುತ್ತಾರೆ. ಆದ್ದರಿಂದ ರಸ್ತೆಯ ವಿಷಯ ಇಲ್ಲಿಗೇ ಬಿಟ್ಟು ಹೋದ ಕೆಲಸಕ್ಕೆ ಬರುತ್ತೇನೆ.

ನಾನು ಹೋದದ್ದು ನಮ್ಮ ಸಮಾಜದ ವೀರಯೋಧ ಸ್ಮರಣಾ ಸಮಿತಿಯ ಜೊತೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಸತ್ತ ಕುಣಿಗಲ್ ಕಡೆಯ ಸಿಪಾಯಿಯೊಬ್ಬನಿಗೆ ಗೌರವ ಸಲ್ಲಿಸಬೇಕಿತ್ತು. ನಾನು ಕ್ಯಾತ್ಸಂದ್ರದ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ ನಿವೃತ್ತಳಾದವಳು. ಸ್ಮರಣ ಸಂಚಿಕೆಗೆ ಪ್ರವಾಸದ ಕಥೆ ಬರೆದುಕೊಡಿ ಮೇಡಂ ಎಂದು ಕರೆದುಕೊಂಡು ಹೋದರು. ಬರೆದುಕೊಟ್ಟೆ. ಓದಿ ನೋಡಿ ಸಂಚಿಕೆಯಲ್ಲಿ ಜಾಗ ಸಾಲದು ಎಂದರು. ಹೀಗಾಗಿ ನಿಮಗೆ ಓದಲು ಸಿಕ್ಕಿತು.

ಕುಣಿಗಲ್‌ನಲ್ಲಿ ಗಂಗಮ್ಮ ಎಂಬ ಹೆಂಗಸಿದ್ದಾರೆ. ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇಪ್ಪತ್ತು. ಅವರು ಹೊಟ್ಟೆಯಲ್ಲಿದ್ದಾಗ ಅಪ್ಪ ಸಿದ್ದಲಿಂಗಪ್ಪ ಮೈಸೂರು ಸಂಸ್ಥಾನದ ಪಡೆಯ ಜೊತೆ ಹಡಗು ಹತ್ತಿದ. ಜಪಾನಿನವರು ಸಿಂಗಪುರ ಹಿಡಿದ ಮೇಲೆ ಆಳು ಕಾಣೆಯಾಗಿದ್ದಾನೆಂದು ತಂತಿ ಬಂತು. ಆಮೇಲೆ ಏನೂ ಬರಲಿಲ್ಲ. ಕಾಣೆಯಾದವನು ಸತ್ತವನಲ್ಲ ಎಂದು ಗಂಗಮ್ಮನ ಅವ್ವ ಹಟ ಹಿಡಿದಳು. ಸಾಯುವ ತನಕ ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ. ಮಹಾಲಯ ಅಮಾವಾಸ್ಯೆಗೆ ಊರಿನವರೆಲ್ಲ ಸತ್ತ ಹಿರಿಯರಿಗೆ ಅವರವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ, ಬಾಳೆಲೆಯಲ್ಲಿ ಬಡಿಸಿ ಎಡೆ ಇಡುತ್ತಾರಲ್ಲ, ಈ ಮನೆಯಲ್ಲಿ ಅಪ್ಪನ ಹೆಸರಿಗೆ ಎಲೆ ಹಾಕುವಂತಿರಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಆಯಸ್ಸು ಕುಂದುತ್ತದಂತೆ. ಅವ್ವನೂ ಹೋದಳು, ಕಾಲವೂ ಕಳೆಯಿತು. ಈಗ ಯಾರೋ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಸಿಂಗಪುರದ ಕ್ರಾಂಜಿ ಎಂಬಲ್ಲಿ ಯುದ್ಧ ಸ್ಮಾರಕದ ಗೋಡೆಯ ಮೇಲೆ ಆ ಹೆಸರು ಕೆತ್ತಿದೆ ಎಂದು ಹೇಳಿದ್ದರು. ಊರಿನ ಪತ್ರಿಕೆಯವನೊಬ್ಬ ಗಂಗಮ್ಮನನ್ನು ಮಾತಾಡಿಸಿದ. ಅವರು ಹೇಳಿದ್ದು ಇಷ್ಟು:

“ಒಂದ್ಸಲ ಕಣ್ಣಾರೆ ನೋಡ್ಬುಡ್ತೀನಿ ಕಣಪ್ಪ. ಹೆಸ್ರು ಐತೆ ಅಂದ್ರೆ ಅಲ್ಲೇ ಒಂದು ಎಡೆ ಇಕ್ಕಿ ಬತ್ತೀನಿ. ಪಾಪ, ಆವತ್ತಿಂದ ಹಸ್ಕಂಡವ್ನೆ.”

ಇದು ತುಮಕೂರಿನ ಕೊಬ್ಬರಿ ವ್ಯಾಪಾರಿ, ನಮ್ಮ ಸಮಾಜದ ಅಧ್ಯಕ್ಷ ರುದ್ರಣ್ಣನವರ ಕಣ್ಣಿಗೆ ಬಿತ್ತು. ಹೆಸರು ಸಿದ್ದಲಿಂಗಪ್ಪ! ಕೈಯಲ್ಲಿದ್ದ ಕಾಫಿ ಆರುವುದರೊಳಗೆ ಸಮಿತಿ ಹುಟ್ಟಿತು. ಊರಲ್ಲಿ ಪ್ರತಿಯೊಂದು ಸಮಾಜಕ್ಕೂ ಒಬ್ಬ ವೀರನಿದ್ದಾನೆ, ವೀರನಿಗೊಂದು ಸರ್ಕಲ್ ಇದೆ. ನಮ್ಮವರಲ್ಲಿ ಅಂಗಡಿ ಇಟ್ಟವರು, ಹಾಸ್ಟೆಲ್ ಕಟ್ಟಿಸಿದವರು ಬೇಕಾದಷ್ಟು ಇದ್ದರು, ಕತ್ತಿ ಹಿಡಿದವರು ಸಿಕ್ಕಿರಲಿಲ್ಲ. ಈಗ ದೇವರೇ ಕಳಿಸಿದ್ದ. ಮೊದಲು ಗಂಗಮ್ಮನನ್ನೂ ಕರೆದುಕೊಂಡು ಹೋಗಿ ಸಿಂಗಪುರದಲ್ಲಿ ಗೌರವ, ಆಮೇಲೆ ತುಮಕೂರಿನಲ್ಲಿ ವೀರಯೋಧ ಸಿದ್ದಲಿಂಗಪ್ಪ ವೃತ್ತ, ವೃತ್ತದಲ್ಲಿ ಕುದುರೆ ಮೇಲೆ ಕೂತ ಪ್ರತಿಮೆ. ಅವರು ಕಾಲಾಳು ಸಿಪಾಯಿ, ಕುದುರೆ ಎಲ್ಲಿ ಬಂತು ಎಂದು ನಾನು ಕೇಳಿದೆ.

“ಕುಣಿಗಲ್‌ನೋರು ಮೇಡಂ! ಕುದುರೆ ಫಾರಮ್ಮಿನ ಊರೋರು ಕುದುರೆ ಇಲ್ದೆ ಇರ್ತಾರಾ?” ಎಂದರು ರುದ್ರಣ್ಣ.

ಗಂಗಮ್ಮನ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದವರು ಕಾರ್ಯದರ್ಶಿ ನಂಜುಂಡಪ್ಪ, ಗುಬ್ಬಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ನಮ್ಮ ಕಡೆ ಜಾತಿ ಕೇಳುವುದು ಅಸಭ್ಯತೆ, ಆದ್ದರಿಂದ ಮನೆದೇವರನ್ನು ಕೇಳುತ್ತೇವೆ. ನಂಜುಂಡಪ್ಪ ಕೇಳಿದರು. ಗಂಗಮ್ಮ ಯಡಿಯೂರು ಸಿದ್ದಲಿಂಗೇಶ್ವರ ಎಂದರು. ಹಣೆಯ ಮೇಲೆ ವಿಭೂತಿ ಬೇರೆ ಇತ್ತು. ಯಡಿಯೂರಿನ ಸುತ್ತಮುತ್ತ ಯಾವ ಜಾತಿಯ ಮನೆಗೆ ಹೋದರೂ ಒಬ್ಬ ಸಿದ್ದಲಿಂಗಪ್ಪ, ಒಬ್ಬ ಸಿದ್ದಯ್ಯ, ಒಬ್ಬಳು ಸಿದ್ದಮ್ಮ ಇದ್ದೇ ಇರುತ್ತಾರೆಂದು ಗುಬ್ಬಿಯವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೇಕಾದ ಉತ್ತರ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಕೇಳುವಷ್ಟು ದಡ್ಡರಲ್ಲ ನಂಜುಂಡಪ್ಪ.

ಚಾಂಗಿ

ವಿಮಾನ ನಿಲ್ದಾಣದ ಹೆಸರು ಚಾಂಗಿ. ನೆಲಕ್ಕೆ ರತ್ನಗಂಬಳಿ ಹಾಸಿದ್ದಾರೆ. ನಮ್ಮ ಸಮಿತಿಯ ಅರ್ಧ ಜನ ಗಂಬಳಿ ಕಂಡ ತಕ್ಷಣ ಅಭ್ಯಾಸಬಲದಿಂದ ಚಪ್ಪಲಿ ಬಿಡಲು ನಿಂತರು.

ತಪಾಸಣೆಯಲ್ಲಿ ಮೊದಲು ಸಿಕ್ಕಿಬಿದ್ದವರು ಅಧ್ಯಕ್ಷರು. ಅವರ ಜುಬ್ಬಾ ಜೇಬಿನಲ್ಲಿ ತಂಬಾಕಿನ ಡಬ್ಬಿ ಇತ್ತು. ಅಗಿಯುವ ತಂಬಾಕು ಈ ದೇಶದಲ್ಲಿ ಕೂಡದು ಎಂದು ಅಧಿಕಾರಿ ಹುಡುಗಿ ಮುಗುಳ್ನಗುತ್ತಲೇ ಅದನ್ನು ಕಸದ ಬುಟ್ಟಿಗೆ ಹಾಕಿದಳು. ರುದ್ರಣ್ಣ ಬುಟ್ಟಿಯನ್ನೇ ನೋಡುತ್ತ ನಿಂತರು. ಮುಂದಿನ ಮೂರು ದಿನ ಅವರ ಮುಖದಲ್ಲಿದ್ದ ಶೋಕವನ್ನು ಹುತಾತ್ಮನ ಲೆಕ್ಕಕ್ಕೆ ಬರೆದುಕೊಳ್ಳಬಾರದು ಎಂದು ಓದುಗರಲ್ಲಿ ವಿನಂತಿ.

ಆಮೇಲೆ ಗಂಗಮ್ಮನ ಬ್ಯಾಗು. ಅದರಲ್ಲಿ ಒಂದು ಹೊಸ ಪಂಚೆ, ಒಂದು ಮುದ್ದೆ ಕೋಲು, ಒಂದು ಪೊಟ್ಟಣ ಕಂದು ಬಣ್ಣದ ಪುಡಿ. ಹುಡುಗಿ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನೆಂದು ಕೇಳಿದಳು. “ರಾಗಿ, ಮೇಡಂ! ತುಮಕೂರ್ ಫುಡ್!” ಎಂದು ನಂಜುಂಡಪ್ಪ ಕೂಗಿದರು. ಹುಡುಗಿಗೆ ಅರ್ಥವಾಗಲಿಲ್ಲ. ಗಂಗಮ್ಮ ಅವರನ್ನು ಪಕ್ಕಕ್ಕೆ ತಳ್ಳಿ ಕೋಲು ತೆಗೆದುಕೊಂಡು ಗಾಳಿಯಲ್ಲೇ ಹಿಟ್ಟು ತೊಳಸಿದರು, ಉಂಡೆ ಕಟ್ಟಿದರು, ಮುರಿದು ಸಾರಿನಲ್ಲಿ ಅದ್ದಿದರು, ಅಗಿಯದೆ ಗುಳಕ್ಕನೆ ನುಂಗಿದರು. ನುಂಗಿದ್ದನ್ನು ಕಂಡು ಹುಡುಗಿ ಗಾಬರಿಯಾಗಿ ಇನ್ನೊಬ್ಬ ಅಧಿಕಾರಿಯನ್ನು ಕರೆದಳು. ಗಂಗಮ್ಮ ಅವನ ಮುಂದೆ ಇನ್ನೊಂದು ಮುದ್ದೆ ನುಂಗಿದರು. ಆತ ನಕ್ಕುಬಿಟ್ಟ, ಬ್ಯಾಗು ಬಿಟ್ಟ.

ಸಮಿತಿಯ ಫ್ಲೆಕ್ಸಿಗೆ ಯಾವ ತಕರಾರೂ ಬರಲಿಲ್ಲ, ಅದೇ ನನಗೆ ಬೇಸರ. ತುಮಕೂರಿನಲ್ಲಿ ಮುದ್ರಿಸಿದ ಆ ಫ್ಲೆಕ್ಸಿನಲ್ಲಿ ಅಧ್ಯಕ್ಷರು ಆಳೆತ್ತರ ಕೈಮುಗಿದು ನಿಂತಿದ್ದರು. ಕೆಳಗೆ ಸಮಿತಿಯ ಎಲ್ಲರೂ ಸಾಲಾಗಿ ಇದ್ದರು. ಹುತಾತ್ಮನ ಫೋಟೋ ಯಾರ ಬಳಿಯೂ ಇರಲಿಲ್ಲವಾದ್ದರಿಂದ ಅಂಗಡಿಯ ಹುಡುಗ ಮೂಲೆಯಲ್ಲಿ ಯಾವುದೋ ದಪ್ಪ ಮೀಸೆಯ ಸೈನಿಕನನ್ನು ಅಂಟಿಸಿದ್ದ, ಕೈಯಲ್ಲಿ ಈಗಿನ ಕಾಲದ ಬಂದೂಕು. ಗಂಗಮ್ಮ ಅದನ್ನು ನೋಡಿ ಬಹಳ ಹೊತ್ತು ಯೋಚಿಸಿ, “ನಮ್ಮಪ್ಪುಂಗೆ ಇಷ್ಟೊಂದ್ ಮೀಸೆ ಇರ್ಲಿಲ್ವಂತೆ. ಇನ್ನೂ ಹುಡ್ಗ ಅವ್ನು,” ಎಂದರು. ತಿದ್ದುವ ಕಾಲ ಮೀರಿತ್ತು.

ಲಿಟಲ್ ಇಂಡಿಯಾ

ಮೊದಲ ದಿನ ಮಧ್ಯಾಹ್ನವೇ ಕ್ರಾಂಜಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಆದರೆ ಲಿಟಲ್ ಇಂಡಿಯಾ ಎಂಬ ಭಾರತೀಯರ ಪೇಟೆಯಲ್ಲಿದ್ದ ನಮ್ಮ ಹೋಟೆಲಿನ ಹತ್ತಿರವೇ ಹಗಲಿರುಳು ಬಾಗಿಲು ಹಾಕದ ಒಂದು ದೊಡ್ಡ ಅಂಗಡಿ ಇತ್ತು. ಸಮಿತಿ ಅದರೊಳಗೆ ಹೋಯಿತು. ಸಂಜೆ ಹೊರಬಂದಾಗ ಒಬ್ಬೊಬ್ಬರ ಕೈಯಲ್ಲೂ ಸೂಟ್‌ಕೇಸ್ ಗಾತ್ರದ ಚಾಕಲೇಟ್ ಚೀಲ. “ಸತ್ತೋರು ಎಲ್ಲಿಗೂ ಹೋಗಲ್ಲ ಬುಡಿ ಮೇಡಂ, ನಾಳೆ ಹೋದ್ರಾಯ್ತು,” ಎಂದರು ನಂಜುಂಡಪ್ಪ. ಮರುದಿನ ಅಧ್ಯಕ್ಷರು ಸೆಂತೋಸಾ ದ್ವೀಪಕ್ಕೆ ಬಸ್ ಹೇಳಿಬಿಟ್ಟಿದ್ದರು. ಕ್ರಾಂಜಿ ಕೊನೆಯ ದಿನಕ್ಕೆ ಹೋಯಿತು, ವಿಮಾನಕ್ಕೆ ಮುಂಚೆ ಟೈಮ್ ಉಳಿದರೆ. ಗಂಗಮ್ಮ ಬೈಯಲಿಲ್ಲ. “ಟೈಮ್ ಉಳಿದ್ರೆ ಅಂದ್ರೆ ಏನ್ ಟೀಚರಮ್ಮ? ಉಳೀದಿದ್ರೆ?” ಎಂದು ನನ್ನನ್ನು ಕೇಳಿದರು. ನನಗೆ ಮೈ ಉರಿದುಹೋಯಿತು.

ನನ್ನನ್ನೂ ಗಂಗಮ್ಮನನ್ನೂ ಒಂದೇ ಕೋಣೆಗೆ ಹಾಕಿದ್ದರಿಂದ ನಾವಿಬ್ಬರೇ ಸುತ್ತಿದೆವು. ಈ ಊರಿನವರು ವಿಚಿತ್ರ. ಕಣ್ಣು ಹಾಯುವಷ್ಟು ದೂರ ಒಂದು ಗಾಡಿ ಇಲ್ಲ, ಕೆಂಪು ದೀಪ ಇದೆ, ಇಪ್ಪತ್ತು ಜನ ರಸ್ತೆಯಂಚಿನಲ್ಲಿ ನಿಂತಿದ್ದಾರೆ.

“ಯಾರ್ಗ್ ಕಾಯ್ತಾವ್ರೆ ಇವ್ರು? ಯಾರಾದ್ರೂ ಮಂತ್ರಿ ಬತ್ತಾನಾ?” ಎಂದರು ಗಂಗಮ್ಮ.

ಊಟದ ಅಂಗಡಿಗಳ ಅಂಗಳದಲ್ಲಿ ಇನ್ನೊಂದು ಸೋಜಿಗ. ಮೇಜಿನ ಮೇಲೆ ಒಂದು ಸಣ್ಣ ಪೇಪರ್ ಕರವಸ್ತ್ರದ ಪೊಟ್ಟಣ ಇಟ್ಟು ಊಟ ತರಲು ಹೋಗುತ್ತಾರೆ. ಅದಿದ್ದರೆ ಆ ಮೇಜು ಅವರದು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಹಾಕುವ ಪದ್ಧತಿಯೇ ಇದು, ಹೊಸದೇನಲ್ಲ. ವ್ಯತ್ಯಾಸವೆಂದರೆ ಇಲ್ಲಿ ಟವಲ್ ಎತ್ತಿ ಎಸೆದು ಕೂರುವವರಿಲ್ಲ, ಆದ್ದರಿಂದ ಜಗಳವಿಲ್ಲ, ಆದ್ದರಿಂದ ಊಟದ ಹೊತ್ತಿನಲ್ಲಿ ನೋಡಲು ಏನೂ ಇಲ್ಲ.

ಅಂಥ ಒಂದು ಮೇಜಿನಲ್ಲಿ ಕೂತು ನಾನು ಮೊಸರನ್ನ ತಿನ್ನುತ್ತಿದ್ದಾಗ ಗಂಗಮ್ಮ ಮೆಲ್ಲಗೆ ಕೇಳಿದರು. “ಟೀಚರಮ್ಮ, ಇಲ್ಲಿ ಒಳ್ಳೆ ಬಾಡು ಎಲ್ಲಿ ಸಿಕ್ತದೆ?”

ನಾನು ಚಮಚ ಕೆಳಗಿಟ್ಟೆ. ಹೇಳಬೇಕಾದ್ದೇನೆಂದರೆ, ನಮ್ಮ ಸಮಾಜದಲ್ಲಿ ಮೊಟ್ಟೆಯ ಮಾತು ಬಂದರೇ ಎದ್ದು ಬಾಯಿ ಮುಕ್ಕಳಿಸುವವರಿದ್ದಾರೆ. ಸಿಂಗಪುರದ ನೀರಿನಲ್ಲೂ ಮಾಂಸ ಇರಬಹುದೆಂದು ಅಧ್ಯಕ್ಷರು ಬೆಂಗಳೂರಿನಿಂದಲೇ ಬಾಟಲಿ ನೀರು ತಂದಿದ್ದರು.

“ಬಾಡು ಯಾಕೆ ಗಂಗಮ್ಮನೋರೇ?”

“ಎಡೆಗೆ ಕಣವ್ವ. ನಮ್ಮಪ್ಪುಂಗೆ ಮುದ್ದೆ, ಕುರಿ ಬಾಡಿನ ಸಾರು ಅಂದ್ರೆ ಪ್ರಾಣವಂತೆ. ಮಂಗ್ಳಾರ ಸಂತೆಯಿಂದ ಬಾಡು ತಂದ್ರೆ ಅವ್ನೇ ಒಲೆ ಮುಂದೆ ಕುಂತು ಬೇಯುಸ್ತಿದ್ನಂತೆ. ಅವ್ವ ಹೇಳೋಳು.”

“ಹಾಗಾದ್ರೆ ನೀವು... ನಮ್ಮೋರಲ್ವಾ?”

“ನೀವ್ ಯಾರೂ ಕೇಳ್ಲಿಲ್ವಲ್ಲ.” ಗಂಗಮ್ಮ ನನ್ನ ಮುಖ ನೋಡಿ ನಕ್ಕರು. “ಮನೆದೇವ್ರು ಕೇಳಿದ್ರು, ಹೇಳ್ದೆ. ಜಾತಿ ಕೇಳಿದ್ರೆ ಅದ್ನೂ ಹೇಳ್ತಿದ್ದೆ. ನಂಗೇನ್ ನಾಚ್ಕೆನಾ?”

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಕ್ಷಣ ಬಂದದ್ದು ಭಯ. ಕುದುರೆ, ವೃತ್ತ, ಸಂಚಿಕೆ ಎಲ್ಲ ಕಣ್ಣ ಮುಂದೆ ಮಗುಚಿದವು. ಅದರ ಹಿಂದೆಯೇ ನಗು ಬಂತು, ತಡೆಯಲಾಗಲಿಲ್ಲ.

ನಮ್ಮ ಬಸ್ಸಿನ ಡ್ರೈವರ್ ಸೆಲ್ವಂ ಎಂಬ ತಮಿಳು ಮನುಷ್ಯ. ನಾಲ್ಕು ತಲೆಮಾರಿನಿಂದ ಸಿಂಗಪುರದವನು. ಅವನಿಗೆ ನನ್ನ ಹರುಕು ತಮಿಳಿನಲ್ಲಿ ವಿಷಯ ಹೇಳಿದೆ. ತನಗೆ ಗೊತ್ತಿರುವ ಹೋಟೆಲಿನಲ್ಲಿ ಕೊನೆಯ ದಿನ ಬೆಳಿಗ್ಗೆ ಕುರಿ ಸಾರು ಕಟ್ಟಿಸಿಕೊಡುತ್ತೇನೆ ಎಂದ. ಅಲ್ಲೊಂದು ಸಮಸ್ಯೆ ಬಂತು. ಸಾರು ಹೇಗಿದೆ ಎಂದು ನೋಡುವವರು ಯಾರು? ನಾನು ಮುಟ್ಟುವುದಿಲ್ಲ. ಹಿರಿಯರು ಉಣ್ಣುವ ಮೊದಲು ಅವರ ಅಡುಗೆಯ ರುಚಿ ನೋಡಬಾರದೆಂದು ಗಂಗಮ್ಮನೂ ಒಪ್ಪಲಿಲ್ಲ. ಕೊನೆಗೆ ಸೆಲ್ವಂ ಆವತ್ತೇ ಆ ಹೋಟೆಲಿನಿಂದ ಬೇರೆ ಬಟ್ಟಲಿನಲ್ಲಿ ತರಿಸಿ ನಮ್ಮೆದುರು ತಿಂದ. ಖಾರಕ್ಕೆ ಕಣ್ಣಲ್ಲಿ ಧಾರಾಕಾರ ನೀರು, ಮೂಗು ಕೆಂಪಾಯಿತು, “ಗುಡ್” ಎಂದ.

“ಸರಿಯಾಗೈತೆ,” ಎಂದರು ಗಂಗಮ್ಮ.

ಸೆಂತೋಸಾ, ನಾವು ಹೋಗದ್ದು

ಎರಡನೆಯ ದಿನ ಸಮಿತಿ ಸೆಂತೋಸಾಕ್ಕೆ ಹೋಯಿತು. ಅಲ್ಲಿ ಏನೇನಿದೆ ಎಂದು ಅವರು ಸಂಜೆ ಬಂದು ಹೇಳಿದ್ದನ್ನೆಲ್ಲ ಬರೆಯುವುದಿಲ್ಲ. ನಂಜುಂಡಪ್ಪ ನೀರಿನ ಜಾರುಬಂಡೆಯಲ್ಲಿ ಪಂಚೆ ಸಮೇತ ಜಾರಿದರು, ಪಂಚೆ ಇನ್ನೊಂದು ದಾರಿಯಲ್ಲಿ ಬಂತು ಎಂಬುದಷ್ಟೇ ಸಾಕು.

ನಾವಿಬ್ಬರೂ ಕೋಣೆಯಲ್ಲೇ ಉಳಿದೆವು. ಹೊರಗೆ ಒಂದು ಜೋರು ಮಳೆ ಬಂದು ಹತ್ತು ನಿಮಿಷದಲ್ಲಿ ನಿಂತಿತು. ಗಂಗಮ್ಮ ಕಿಟಕಿಯ ಹತ್ತಿರ ಕೂತಿದ್ದರು. ಬೆಳಿಗ್ಗೆಯಿಂದ ಮಾತು ಕಡಿಮೆಯಾಗಿತ್ತು. ಮೈ ಸರಿಯಿಲ್ಲವೇ ಎಂದು ಕೇಳಿದೆ.

“ಮೈ ಚೆಂದಾಗೈತೆ. ಮನ್ಸೇ ಒಂಥರಾ ಆಗೈತೆ ಟೀಚರಮ್ಮ. ಒಂದ್ ಮಾತ್ ಕೇಳ್ತೀನಿ, ಓದ್ದೋರು ನೀವು. ನಾಳೆ ನಾನು ಅಪ್ಪುಂಗೆ ಎಡೆ ಇಕ್ಕುದ್ರೆ ಅ‌ವ್ನು ಸತ್ತಂಗೆ ತಾನೆ?”

“ಹೌದಲ್ವಾ. ಅದಕ್ಕೇ ಅಲ್ವಾ ನಾವು ಬಂದದ್ದು.”

“ಅವ್ನು ಸತ್ತ ಅಂದ್ರೆ ನಮ್ಮವ್ವ ಮುಂಡೆ.”

ಗಂಗಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಮುಂದುವರಿಸಿದರು.

“ಊರೆಲ್ಲಾ ಅಂತು ಅವ್ಳಿಗೆ, ತಾಳಿ ತೆಗಿಯೇ, ಬಳೆ ತೆಗಿಯೇ ಅಂತ. ಅವ್ಳ ಅತ್ತೇನೇ ಒಂದಿನ ಕಲ್ಲು ತಗಂಡು ಬಳೆ ಒಡಿಯಾಕೆ ಬಂದ್ಲು. ಕೈ ಮಡ್ಚಿ ಎದೇಗಿಟ್ಕಂಡು ಕುಂತ್ಬುಟ್ಲಂತೆ, ನಾನು ಅವ್ಳ ಮಡ್ಲಲ್ಲಿದ್ನಂತೆ. ಕೂಲಿ ಮಾಡಿ ಸಾಕುದ್ಲು. ಸತ್ತಾಗ ಮುತ್ತೈದೆ ಅಂತ್ಲೇ ಅರಿಶ್ಣ ಹಚ್ಚಿ ಕಳ್ಸುದ್ವಿ. ಗೆದ್ಲು ಅವ್ಳು, ಊರ್ ಮೇಲೆ ಗೆದ್ಲು.” ಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. “ಈಗ ಅತ್ತೆ ಕೈಲಾಗ್ದಿದ್ದನ್ನ ಮಗ್ಳು ನಾನು ಮಾಡಾಕೆ ಇಮಾನ ಹತ್ಕಂಡು ಬಂದಿದೀನಿ ನೋಡಿ. ಇಕ್ದಿದ್ರೆ ಅಪ್ಪ ಹಸ್ಕಂಡೇ ಇರ್ತಾನೆ. ಇಕ್ಕುದ್ರೆ ಅವ್ವುನ್ ಬಳೆ ಒಡ್ದಂಗಾಯ್ತದೆ.”

ಪ್ರವಾಸ ಕಥನಗಳಲ್ಲಿ ಬರೆಯುವವರಿಗೆ ಇಂಥ ಹೊತ್ತಿನಲ್ಲಿ ಏನಾದರೊಂದು ಹೊಳೆಯುತ್ತದೆ, ನನಗೆ ಹೊಳೆಯಲಿಲ್ಲ. ಎದ್ದು ಕಾಫಿ ಮಾಡಿಕೊಟ್ಟೆ, ಚೆನ್ನಾಗಿಲ್ಲ ಎಂದರು, ಕುಡಿದರು. ಸಂಜೆ ಇಬ್ಬರೂ ಪೇಟೆಗೆ ಹೋಗಿ ಎಡೆಗೆ ಬೇಕಾದ್ದನ್ನು ತಂದೆವು. ಒಂದು ಎಲೆ ಸಾಕಲ್ಲ ಎಂದು ನಾನು ಅಂದರೂ ಗಂಗಮ್ಮ ಎರಡು ಬಾಳೆಲೆ ತೆಗೆದುಕೊಂಡರು. ಬಳೆ ಅಂಗಡಿಯ ಮುಂದೆ ಒಮ್ಮೆ ನಿಂತು ನನ್ನನ್ನು ಹೊರಗೇ ಇರಿಸಿ ಒಳಗೆ ಹೋಗಿಬಂದರು.

ಕ್ರಾಂಜಿ

ಕೊನೆಯ ದಿನ ಬೆಳಿಗ್ಗೆ ಗಂಗಮ್ಮ ಹೋಟೆಲಿನವರು ಚಹಾಕ್ಕೆಂದು ಇಟ್ಟಿದ್ದ ಕರೆಂಟಿನ ಕೆಟಲಿನಲ್ಲಿ ಮುದ್ದೆ ತೊಳಸಿದರು. ಎರಡು ಮುದ್ದೆ, ನುಣ್ಣಗೆ, ಗಂಟಿಲ್ಲದೆ ಬಂದವು. ಆ ಕೆಟಲಿನಲ್ಲಿ ಇನ್ನು ಯಾವ ದೇಶದವರೂ ಚಹಾ ಮಾಡಲಾರರು. ಇದಕ್ಕಾಗಿ ನಾನು ಸಿಂಗಪುರ ಸರ್ಕಾರದ ಕ್ಷಮೆ ಕೇಳುತ್ತೇನೆ.

ಟೈಮ್ ಉಳಿದಿತ್ತು. ಉಳಿಸಿದವನು ಸೆಲ್ವಂ. ಅಂಗಡಿಗೆ ಇನ್ನೊಮ್ಮೆ ಹೋಗಿಬರೋಣ ಎಂದು ಅಧ್ಯಕ್ಷರು ಹೇಳಿದ್ದು ತನಗೆ ಅರ್ಥವೇ ಆಗಲಿಲ್ಲವೆಂಬಂತೆ ಬಸ್ಸನ್ನು ನೇರ ಉತ್ತರಕ್ಕೆ ತಿರುಗಿಸಿದ. ಬಸ್ಸು ತುಂಬ ಮಸಾಲೆಯ ಪರಿಮಳ ಹಬ್ಬಿತು.

“ಏನಜ್ಜಿ, ಗಮ್ ಅಂತೈತೆ? ಹುರುಳಿಕಾಳು ಬಸ್ಸಾರಾ?” ಎಂದರು ರುದ್ರಣ್ಣ ಮೂಗರಳಿಸಿ.

“ಅಂಗೇ ಅಂದ್ಕಳಿ ಸ್ವಾಮಿ.”

“ಮೂರ್ ದಿನದಿಂದ ನಾಲ್ಗೆ ಸತ್ತೋಗೈತೆ. ನಂಗೂ ಒಂಚೂರು ಇಡಿ.”

ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಕ್ರಾಂಜಿ ಒಂದು ಸಣ್ಣ ಗುಡ್ಡ. ಇಳಿಜಾರಿನಲ್ಲಿ ಕತ್ತರಿಸಿದ ಹುಲ್ಲು, ಹುಲ್ಲಿನ ಮೇಲೆ ಸಾಲುಸಾಲು ಬಿಳಿ ಕಲ್ಲು. ಮೇಲೆ ಕಲ್ಲಿನ ದಪ್ಪ ಗೋಡೆಗಳು ಒಂದರ ಹಿಂದೊಂದು ನಿಂತಿವೆ, ಅವುಗಳ ಮೈತುಂಬ ಹೆಸರು. ಹೆಣ ಸಿಗದವರ ಹೆಸರುಗಳು. ಕೆಳಗೆ ಒಂದು ಕಲ್ಲಿನ ಮುಂದೆ ಬಿಳಿಯ ಮುದುಕ ಮುದುಕಿ ನಿಂತಿದ್ದರು. ಮಾತಿಲ್ಲ, ಫೋಟೋ ಇಲ್ಲ. ಸುಮ್ಮನೆ ನಿಂತರು, ಸುಮ್ಮನೆ ಹೋದರು. ಅವರ ಕಾರ್ಯಕ್ರಮ ಇಷ್ಟೇನಾ ಎಂದು ನಂಜುಂಡಪ್ಪನವರಿಗೆ ಕನಿಕರವಾಯಿತು. ನಮ್ಮದರಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಇದ್ದವು. ಫ್ಲೆಕ್ಸನ್ನು ಗೋಡೆಗೆ ಕಟ್ಟಲು ಹೋದಾಗ ತೋಟದ ಕೆಲಸದವನು ಓಡಿಬಂದು ಕಟ್ಟುವಂತಿಲ್ಲ ಎಂದ. ಹಾಗಾಗಿ ಇಬ್ಬರು ಸದಸ್ಯರು ಎರಡು ತುದಿ ಹಿಡಿದು ನಿಂತರು. ಗಾಳಿಗೆ ಅಧ್ಯಕ್ಷರ ಹೊಟ್ಟೆ ಹಾಯಿಯ ಹಾಗೆ ಉಬ್ಬುತ್ತಿತ್ತು, ಫ್ಲೆಕ್ಸಿನಲ್ಲಿ.

ಹೆಸರು ಹುಡುಕಿದವಳು ನಾನು. ಮೈಸೂರು ಎಂದಿದ್ದ ಕಡೆ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋದೆ. ನಮ್ಮ ಹಾಜರಿ ಪುಸ್ತಕದಲ್ಲಿರುತ್ತಿದ್ದ ಹೆಸರುಗಳೇ ಎಲ್ಲ. ರಂಗಪ್ಪ, ಮರಿಯಪ್ಪ, ಹನುಮಂತ. ಈ ಹುಡುಗರೆಲ್ಲ ಇಲ್ಲಿ ಇಷ್ಟು ದೂರ ಬಂದು ಯಾರಿಗಾಗಿ ಸತ್ತರೋ, ಊರಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ ಸಿದ್ದಲಿಂಗಪ್ಪ ಸಿಕ್ಕಿದ. ಅದರ ಕೆಳಗಿನ ಸಾಲಿನಲ್ಲಿ ಇನ್ನೊಬ್ಬ ಸಿದ್ದಲಿಂಗಪ್ಪ. ಊರಿಲ್ಲ, ತಂದೆಯ ಹೆಸರಿಲ್ಲ.

“ಎರಡವೆ!” ಎಂದು ಅಧ್ಯಕ್ಷರು ಗಾಬರಿಯಾದರು. “ನಮ್ಮೋರು ಯಾವುದು?”

ಗಂಗಮ್ಮ ಮುಂದೆ ಬಂದರು. ಎಲ್ಲಿ ಎಂದು ನಾನು ತೋರಿಸಿದೆ. ತುದಿಗಾಲ ಮೇಲೆ ನಿಂತು ಕೈ ಚಾಚಿದರು. ಬೆರಳ ತುದಿ ಕೆಳಗಿನ ಹೆಸರಿಗೆ ತಾಗಿ ನಿಂತಿತು. ಅಕ್ಷರದ ತಗ್ಗಿನೊಳಗೆ ಬೆರಳು ಆಡಿಸಿದರು, ಮಗುವಿನ ಕಿವಿ ಸವರುವ ಹಾಗೆ.

“ಇದೇ.”

“ಹೆಂಗ್ ಗೊತ್ತಾಯ್ತಜ್ಜಿ?”

“ಕೈಗೆ ಎಟುಕ್ತಾ ಐತಲ್ಲ ಸ್ವಾಮಿ.”

ಅಧ್ಯಕ್ಷ ಭಾಷಣ ಶುರುವಾಯಿತು. ಸಮಾಜದ ಇತಿಹಾಸದಿಂದ ಹಿಡಿದು ಕೊಬ್ಬರಿ ಬೆಲೆಯ ತನಕ ಬಂದಿದ್ದರು, ಅಷ್ಟರಲ್ಲಿ ಗಂಗಮ್ಮ ಗೋಡೆಯ ಬುಡದಲ್ಲಿ ಎಲೆ ಹಾಸಿ, ಮುದ್ದೆ ಇಟ್ಟು, ಡಬ್ಬಿಯ ಮುಚ್ಚಳ ತೆಗೆದು ಬಡಿಸಿದರು. ರುದ್ರಣ್ಣನವರ ಕಣ್ಣು ಅದರ ಮೇಲೆ ಬಿತ್ತು. ಹುರುಳಿಕಾಳಿಗೆ ಮೂಳೆ ಇರುವುದಿಲ್ಲ ಎಂಬುದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಶಿವಶಿವಾ! ಏನಜ್ಜಿ ಇದು!”

“ಬಾಡು ಸ್ವಾಮಿ.”

“ಯಡಿಯೂರಿನ ಒಕ್ಕಲು ಅಂದ್ರಲ್ಲ ನೀವು!”

“ಔದು. ಸೋಮ್ವಾರ ತಿನ್ನಲ್ಲ.”

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ, ಉತ್ಪ್ರೇಕ್ಷೆಯಿಲ್ಲ. ಸಮಿತಿ ಎರಡು ಗೋಡೆಯಾಚೆ ಹೋಗಿ ಪಿಸುಪಿಸು ಸಭೆ ನಡೆಸಿತು. ಯಾರೋ ನಂಜುಂಡಪ್ಪನವರಿಗೆ ಬೈದರು. ನಂಜುಂಡಪ್ಪ ದೇವರನ್ನು ಬೈಯಲಾರದೆ ಸುಮ್ಮನಿದ್ದರು. ಪೂರ್ತಿ ವೃತ್ತ ಕೈತಪ್ಪುವ ಹೊತ್ತು. ಅಷ್ಟರಲ್ಲಿ ರುದ್ರಣ್ಣನವರ ಮುಖ ಅರಳಿತು. ಮೇಲಿನ ಸಾಲಿನಲ್ಲಿ ಇನ್ನೊಬ್ಬ ಸಿದ್ದಲಿಂಗಪ್ಪ ಇದ್ದನಲ್ಲ! ಅವನ ಊರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಅವನಿಗೆ ಬಾಯಿ ಬಿಡುವ ಮಗಳೂ ಇಲ್ಲ. ಇದಕ್ಕಿಂತ ಶುದ್ಧವಾದ ಸಮಾಜ ಬಾಂಧವ ಎಲ್ಲಿ ಸಿಗಬೇಕು? ಅಧ್ಯಕ್ಷರು ಗಂಗಮ್ಮನ ಎಲೆಯನ್ನು ಸುತ್ತು ಹಾಕಿಕೊಂಡು ಬಂದು, ಕತ್ತು ನೀಳ ಮಾಡಿ, ಉದ್ದನೆಯ ಹಾರವನ್ನು ಮೇಲಿನ ಹೆಸರಿಗೆ ಹಿಡಿದು ಫೋಟೋ ತೆಗೆಸಿಕೊಂಡರು. ಮುಂದಿನ ವಾರ ಊರ ಪತ್ರಿಕೆಯಲ್ಲಿ ಬಂದದ್ದು ಇದೇ ಫೋಟೋ. ಕೆಳಗೆ ಕೂತ ಗಂಗಮ್ಮನ ತಲೆ ಕತ್ತರಿಸಿ ಹೋಗಿತ್ತು. ವೃತ್ತದ ಅರ್ಜಿ ಇನ್ನೂ ಓಡಾಡುತ್ತಿದೆ, ಕುದುರೆ ಸಮೇತ.

ಗಂಗಮ್ಮ ಇದಾವುದನ್ನೂ ನೋಡಲಿಲ್ಲ. ಹೊಸ ಪಂಚೆಯನ್ನು ಎಲೆಯ ಪಕ್ಕ ಮಡಿಸಿಟ್ಟರು. ಆಮೇಲೆ ಎರಡನೆಯ ಎಲೆ ಬಿಚ್ಚಿ ಮೊದಲನೆಯದಕ್ಕೆ ತಾಗಿಸಿ ಹಾಸಿದರು. ಅದರಲ್ಲೂ ಒಂದು ಮುದ್ದೆ ಇಟ್ಟು ಸಾರು ಬಡಿಸಿದರು. ಎಲೆಯ ಮೇಲ್ತುದಿಯಲ್ಲಿ ಕುಂಕುಮದ ಪೊಟ್ಟಣ, ಒಂದು ಡಜನ್ ಹಸಿರು ಗಾಜಿನ ಬಳೆ.

“ಅವ್ವಂದು,” ಎಂದರು ನನ್ನ ಕಡೆ ತಿರುಗಿ. “ಗಂಡ ಪಕ್ಕದಲ್ಲೇ ಕುಂತಿರ್ವಾಗ ಯಾವಳ್ ಅಂತಾಳೆ ಅವ್ಳನ್ನ ಮುಂಡೆ ಅಂತ? ಅನ್ಲಿ ನೋಡಾನ.”

ಮನೆಯಲ್ಲಾಗಿದ್ದರೆ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತಾರಂತೆ. ಸತ್ತವರು ಬದುಕಿದವರ ಎದುರು ಉಣ್ಣುವುದಿಲ್ಲ, ನಾಚಿಕೊಳ್ಳುತ್ತಾರೆ. ಇಲ್ಲಿ ಬಾಗಿಲೆಲ್ಲಿ? ಗಂಗಮ್ಮ ಎದ್ದು ನಿಂತು ಸುತ್ತ ನೋಡಿದರು.

“ಎಲ್ಲಾ ಆ ಕಡೀಕ್ ತಿರೀಕಳಿ! ಮಾತಾಡ್ಬ್ಯಾಡಿ! ಏಯ್ ಫ್ಲೆಕ್ಸು, ಮಡಚ್ರಪ್ಪ ಅದ್ನ!”

ಆ ದನಿಗೆ ಯಾರೂ ಎದುರಾಡಲಿಲ್ಲ. ರುದ್ರಣ್ಣ ಬಾಡು ನೋಡಲಾರದೆ ಮೊದಲೇ ತಿರುಗಿದ್ದರು, ಪುಣ್ಯ ತಾನಾಗಿ ಬಂತು. ನಂಜುಂಡಪ್ಪ ತಿರುಗಿದರು, ಫ್ಲೆಕ್ಸು ಹಿಡಿದಿದ್ದವರು ಸುತ್ತಿಕೊಂಡು ತಿರುಗಿದರು. ಸೆಲ್ವಂ ಟೋಪಿ ತೆಗೆದು ತಿರುಗಿದ. ಯಾಕೆಂದು ತಿಳಿಯದೆ ತೋಟದವನೂ ತಿರುಗಿದ. ನಮ್ಮ ಬೆನ್ನ ಹಿಂದೆ ಗೋಡೆ, ಮುಂದೆ ಇಳಿಜಾರಿನ ಬಿಳಿ ಕಲ್ಲುಗಳು. ತುಮಕೂರು ಜಿಲ್ಲೆಯ ಹತ್ತು ಹನ್ನೆರಡು ಜನ ಒಟ್ಟಿಗೆ ನಿಂತು ಒಂದು ಮಾತೂ ಆಡದೆ ಇದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೊತ್ತು ಹೋಯಿತು. ಬಿಸಿಲು ಏರಿತು. ಯಾರದೋ ಮೊಬೈಲು ಬಡಿದುಕೊಂಡು ನಿಂತಿತು. ಕೊನೆಗೆ ರುದ್ರಣ್ಣ ತಾಳಲಾರದೆ, ತಿರುಗದೆಯೇ ಕೇಳಿದರು.

“ಆಯ್ತಾ ಅಜ್ಜಿ? ಫ್ಲೈಟ್ ಐತೆ.”

“ಒಂದ್ ಗಳ್ಗೆ ಇರಿ ಸ್ವಾಮಿ,” ಎಂದರು ಗಂಗಮ್ಮ, ಅವರೂ ತಿರುಗದೆ. “ಅವ್ನು ಹೋದಾಗ ನಮ್ಮವ್ವ ಇನ್ನೂ ಹುಡ್ಗಿ. ಈಗ ಹಣ್ಣಣ್ಣು ಮುದ್ಕಿ ಬಂದು ಪಕ್ಕದಾಗೆ ಕುಂತವ್ಳೆ. ಗುರ್ತು ಹತ್ಬ್ಯಾಡ್ವಾ ಅವ್ನಿಗೆ?”